ತೇಜಾಬಿನ ತೊಟ್ಟಿಯ ಅಳಿಯ

ಗೊಬ್ಬೂರಿನ ದೇವಿಂದ್ರಪ್ಪ ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಹೊಸಬರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು. ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ. ಅವನ ಮುಂದಿನ ಹಲ್ಲುಗಳು ಸವೆದು ಒಸಡಿಗೆ ಹತ್ತಿಕೊಂಡಿದ್ದವು. ನಲವತ್ತು ತುಂಬದ ಗಂಡಸಿಗೆ ಮುದುಕನ ಬಾಯಿ. ಆ ಹಲ್ಲುಗಳನ್ನು ತಿಂದದ್ದು ತಂಬಾಕಲ್ಲ, ಜೇವರ್ಗಿಯ ಹೊರಗಿದ್ದ ಪೈಪಿನ ಕಾರ್ಖಾನೆಯ ತೇಜಾಬಿನ ಹೊಗೆ. ಆಸಿಡ್ಡಿಗೆ ಆ ಕಡೆ ತೇಜಾಬು ಅನ್ನುತ್ತಾರೆ. ಹೆಸರು ಕೇಳಲು ಅತ್ತರಿನ ಹಾಗೆ ಚೆಂದವಾಗಿದೆ, ಅಷ್ಟೇ.

ತೇಜಾಬಿನ ಶೆಡ್ಡಿನಲ್ಲಿ ನಿಲ್ಲುವವರಿಗೆ ಮಾಲೀಕ ಹಣಮಂತರಾಯ ಸಾಹುಕಾರರು ದಿನಾ ಒಂದು ಉಂಡೆ ಬೆಲ್ಲ ಕೊಡಿಸುತ್ತಿದ್ದರು. ಗಂಟಲೊಳಗಿನ ಹೊಗೆಯನ್ನು ಬೆಲ್ಲ ಎಳೆದುಕೊಂಡು ಹೋಗುತ್ತದೆಂದು ಅವರ ನಂಬಿಕೆ. ಹೊಗೆ ಉಳಿಸಿದ ಹಲ್ಲನ್ನು ಬೆಲ್ಲ ಮುಗಿಸುತ್ತಿತ್ತು. ಸಾಹುಕಾರರ ಮನಸ್ಸು ಒಳ್ಳೆಯದೇ ಇತ್ತು, ಅದನ್ನು ಅಲ್ಲಗಳೆಯಬಾರದು.

ದೇವಿಂದ್ರಪ್ಪ ಜೇವರ್ಗಿಗೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ, ಮನೆಯಳಿಯನಾಗಿ. ಗೊಬ್ಬೂರಿನಲ್ಲಿ ಅಣ್ಣತಮ್ಮಂದಿರ ದಂಡೇ ಇತ್ತು. ಇದ್ದ ಹೊಲ ಅವರವರಲ್ಲೇ ಹಂಚಿದರೆ ಒಬ್ಬೊಬ್ಬರಿಗೆ ಒಂದು ಎತ್ತು ಮಲಗುವಷ್ಟು ಜಾಗ. ಈ ಕಡೆ ಚಂದ್ರಾಮಪ್ಪನಿಗೆ ಗಂಗೂಬಾಯಿ ಒಬ್ಬಳೇ ಮಗಳು. ಚಂದ್ರಾಮಪ್ಪನೆಂದರೆ ಕಾರ್ಖಾನೆಯ ಮಿಸ್ತ್ರಿ, ಪೈಪು ಎಳೆಯುವ ಬೆಂಚಿನ ಒಡೆಯ. ಬೆಂಚು ಸಾಹುಕಾರರದೇ, ಆದರೆ ಅವನನ್ನು ಕೇಳದೆ ಅದರ ಮೇಲೆ ನೊಣ ಕೂಡ ಕೂಡುತ್ತಿರಲಿಲ್ಲ. ಮದುವೆಯ ಅಕ್ಕಿಕಾಳು ಬಿದ್ದ ಮಾರನೆಯ ವಾರವೇ ಮಾವ ಅಳಿಯನನ್ನು ಕಾರ್ಖಾನೆಗೆ ಕರೆದುಕೊಂಡು ಹೋದ.

"ಒಂದು ವರ್ಷ ತೇಜಾಬಿನಾಗ ನಿಂದ್ರು ದೇವಿಂದ್ರ. ಪೈಪಿನ ಗುಣ ತಿಳೀತದ. ಆಮ್ಯಾಲ ನಾನಾ ಬೆಂಚಿಗಿ ಕರ್ಕೋತೇನಿ" ಎಂದ.

ಆ ಒಂದು ವರ್ಷ ಮುಗಿಯಲೇ ಇಲ್ಲ. ಮಳೆಗಾಲಗಳು ಬಂದವು, ಹೋದವು, ಗಂಗೂಬಾಯಿಯ ಮಕ್ಕಳು ಶಾಲೆಗೆ ಹೋಗಲು ಹತ್ತಿದರು, ದೇವಿಂದ್ರಪ್ಪನ ಅಂಗಿಗಳು ತೂತು ಬಿದ್ದು ಜರಡಿಯಾದವು. ಮಾವ ಮಾತ್ರ ಬೆಂಚಿನ ಸುದ್ದಿ ಎತ್ತಲಿಲ್ಲ. ಅಳಿಯನೂ ಎತ್ತಲಿಲ್ಲ. ಮಾವನ ಮನೆಯ ಮಾಡಿನ ಕೆಳಗೆ ಮಲಗಿ, ಮಾವನ ಒಲೆಯ ರೊಟ್ಟಿ ತಿಂದು, ಕೊಟ್ಟ ಮಾತನ್ನು ಮಾವನಿಗೇ ನೆನಪಿಸುವುದು ಹೇಗೆ? ಸ್ವಂತ ಮನೆಯಿದ್ದ ಗಂಡಸಾದರೆ ಸಿಟ್ಟಿಗೆದ್ದು ಹೊರಗೆ ಹೋಗಿ ಅಂಗಳದಲ್ಲಿ ಕೂಡಬಹುದು. ಅವನಿಗೆ ಆ ಅಂಗಳವೂ ಮಾವನದೇ.

ಆ ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಸ್ವಲ್ಪ ಹೇಳಬೇಕು. ಹೊರಗಿನಿಂದ ದಪ್ಪ ಗೋಡೆಯ ಉಕ್ಕಿನ ಪೈಪು ಬರುತ್ತಿತ್ತು. ಅದರ ಒಂದು ತುದಿಯನ್ನು ಬಡಿದು ಸಣ್ಣದು ಮಾಡುತ್ತಿದ್ದರು. ಅದಕ್ಕೆ ಮೂತಿ ಅನ್ನುತ್ತಿದ್ದರು. ಆಮೇಲೆ ಪೈಪು ದೇವಿಂದ್ರಪ್ಪನ ಪಾಲಿಗೆ. ತೇಜಾಬಿನ ತೊಟ್ಟಿಯಲ್ಲಿ ಅದ್ದಿ ತುಕ್ಕು, ಕಾವಿಗೆ ಏಳುವ ಹೊಟ್ಟು ಎಲ್ಲ ಬಿಡಿಸಬೇಕು. ನೀರಿನಲ್ಲಿ ತೊಳೆದು, ಮೇಲೆ ಇನ್ನೊಂದು ಔಷಧದ ತೊಟ್ಟಿ ದಾಟಿಸಿ, ಸಾಬೂನಿನಲ್ಲಿ ಮುಳುಗಿಸಿ ಒಣಗಿಸಬೇಕು. ಒಣಗಿದ ಸಾಬೂನು ಪೈಪಿನ ಮೈಗೆ ತೆಳ್ಳಗೆ ಹತ್ತಿಕೊಂಡಿರುತ್ತದೆ, ಮುಟ್ಟಿದರೆ ಮೇಣದ ಹಾಗೆ. ಆಗ ಬೆಂಚಿನ ಮೇಲೆ ಇಟ್ಟು, ಮೂತಿಯನ್ನು ಡೈ ಎಂಬ ಗಟ್ಟಿ ಉಂಗುರದ ತೂತಿನೊಳಗೆ ತೂರಿಸಿ, ಆಚೆಯಿಂದ ಸರಪಳಿ ಹಾಕಿ ಎಳೆಯುತ್ತಾರೆ. ಬೆಂಕಿಯಿಲ್ಲ, ಕಾವಿಲ್ಲ, ತಣ್ಣಗಿನ ಉಕ್ಕನ್ನೇ ಎಳೆಯುವುದು. ಉಂಗುರದಿಂದ ಹೊರಬಂದ ಪೈಪು ಸಣ್ಣದಾಗಿ, ಉದ್ದವಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು.

ಆದರೆ ಎಳೆದ ಉಕ್ಕು ಹಟಮಾರಿ. ಒಂದು ಸಲ ಎಳೆದರೆ ಗಡುಸಾಗಿ, ಮತ್ತೆ ಎಳೆದರೆ ಸೀಳುತ್ತದೆ. ಅದಕ್ಕೆ ಭಟ್ಟಿಯಲ್ಲಿ ಕಾಯಿಸಿ ಮೆತ್ತಗೆ ಮಾಡಬೇಕು. ಕಾಯಿಸಿದರೆ ಮೈಮೇಲೆ ಮತ್ತೆ ಹೊಟ್ಟು. ಹೊಟ್ಟಿಗೆ ಮತ್ತೆ ತೇಜಾಬು, ಮತ್ತೆ ಸಾಬೂನು. ತೆಳ್ಳನೆಯ ಪೈಪು ಬೇಕಾದರೆ ಇದೇ ಸುತ್ತು ತಿರುಗಿ ತಿರುಗಿ ನಡೆಯಬೇಕು. ಬೆಂಚಿನ ಪ್ರತಿ ಎಳೆತಕ್ಕೂ ದೇವಿಂದ್ರಪ್ಪನ ಎದೆಗೊಂದು ಪಾಲು ಹೊಗೆ.

ಹೀಗಿರುವಾಗ, ಎಂಬತ್ತಾರರಲ್ಲಿ, ಪುಣೆಯಿಂದ ಒಬ್ಬ ಇಂಜಿನಿಯರು ಬಂದ. ಭಾರ ಎತ್ತುವ ಜಾಕು ತಯಾರಿಸುವ ಕಂಪನಿಯೊಂದು ಸಾಹುಕಾರರಿಗೆ ದೊಡ್ಡ ಕೆಲಸ ಕೊಡಲು ಬಂದಿತ್ತು. ಪೈಪಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಮೈ ನುಣುಪಾಗಿರಬೇಕು ಎಂದು ಅದರ ಷರತ್ತು. ಅದು ಕಳಿಸಿದ ಈ ಇಂಜಿನಿಯರು ಪಿಲ್ಗರ್ ಎಂಬ ಹೊಸ ಯಂತ್ರದ ಗುಣಗಾನ ಶುರುಮಾಡಿದ. ಅದರಲ್ಲಿ ಎಳೆಯುವುದಿಲ್ಲ. ಪೈಪಿನೊಳಗೆ ಒಂದು ಸಲಾಕೆ, ಹೊರಗೆ ಎರಡು ಉರುಳೆ. ಉರುಳೆಗಳು ಚಪಾತಿಯ ಮೇಲೆ ಲಟ್ಟಣಿಗೆ ಓಡಾಡಿದಂತೆ ಹಿಂದೆ ಮುಂದೆ ಓಡಾಡಿ, ಪೈಪನ್ನು ಸ್ವಲ್ಪ ಸ್ವಲ್ಪವೇ ತಿರುವಿ ಒತ್ತುತ್ತವೆ. ಬೆಂಚು ಮೂರು ಎಳೆತದಲ್ಲಿ ಮಾಡುವುದನ್ನು ಅದು ಒಂದೇ ಸಲಕ್ಕೆ ಮಾಡಿಬಿಡುತ್ತದೆ. ಮೂತಿ ಬಡಿಯುವುದು ಬೇಡ, ಕೊನೆಗೆ ಆ ಮೂತಿಯನ್ನು ಕತ್ತರಿಸಿ ಒಗೆಯುವುದೂ ಬೇಡ.

ಚಂದ್ರಾಮಪ್ಪ ಕೈಕಟ್ಟಿಕೊಂಡು ಕೇಳಿದ. "ಅಳತಿ ಬದಲ ಮಾಡ್ಬೇಕಾದ್ರ?" ಎಂದ.

ಇಂಜಿನಿಯರು ಒಪ್ಪಿಕೊಂಡ. ಪಿಲ್ಗರಿನಲ್ಲಿ ಅಳತೆ ಬದಲಾದರೆ ಉರುಳೆ, ಸಲಾಕೆ ಎರಡೂ ಬದಲಾಗಬೇಕು, ಅರ್ಧ ದಿನ ಹೋಗುತ್ತದೆ, ಉರುಳೆಗಳೂ ಬಲು ದುಬಾರಿ.

"ನಂದು ಡೈ ಬದಲ ಮಾಡಾದು ಚಹಾ ಆರೋದ್ರಾಗ ಆಗ್ತದರಿ. ಮತ್ತ ಎಳದ ಪೈಪಿನ ಮೈ ನೋಡ್ರಿ. ಉರುಳಿ ಒತ್ತಿದ್ದು ಆ ಹೊಳಪು ಕೊಡಲ್ಲ."

ಇದೂ ಸುಳ್ಳಲ್ಲ. ಎರಡರಲ್ಲೂ ಗುಣವಿತ್ತು, ಎರಡರಲ್ಲೂ ಕೊರತೆಯಿತ್ತು. ಸಾಹುಕಾರರು ವ್ಯಾಪಾರದ ಮನುಷ್ಯ, ಮಾತಿಗೆ ಮರುಳಾಗುವವರಲ್ಲ. "ಒಂದಾ ನಮೂನಿ ಪೈಪು. ಒಂದು ನಮ್ಮ ಬೆಂಚಿನ ಮ್ಯಾಲ ಆಗ್ಲಿ, ಒಂದು ಪುಣೇದಾಗ ಆ ಯಂತ್ರದಾಗ ಆಗ್ಲಿ. ಎರಡೂ ಮುಂದಿಟ್ಟು ನೋಡಾಣು. ಬೆಂಚು ಗೆದ್ರ ಹೊಸ ಯಂತ್ರ ಯಾಕ ಬೇಕು?" ಎಂದು ತೀರ್ಮಾನಿಸಿದರು.

ಹೊರಡುವ ಮುಂಚೆ ಇಂಜಿನಿಯರು ತೇಜಾಬಿನ ಶೆಡ್ಡಿಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ದೇವಿಂದ್ರಪ್ಪ ತೊಳೆದಿಟ್ಟ ಪೈಪುಗಳನ್ನು ತಿರುವಿ ನೋಡಿದ. ಕೆಲಸ ಮೆಚ್ಚಿಕೆಯಾಗಿರಬೇಕು. ಯಂತ್ರ ಬಂದರೆ ನಡೆಸಲು ಊರಿನವನೇ ಒಬ್ಬ ಬೇಕು, ನೀನು ಬರುತ್ತೀಯಾ ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ಯಾರೂ ದೇವಿಂದ್ರಪ್ಪನನ್ನು ಏನೂ ಕೇಳಿರಲಿಲ್ಲ. "ಬರ್ತೇನ್ರಿ" ಎಂದ.

ಆ ದಿನ ಮನೆಯಲ್ಲಿ ಗಂಗೂಬಾಯಿಗೆ ಹೇಳಿದ. ಅವಳು ರೊಟ್ಟಿ ಮುರಿದು ಸಾರಿನಲ್ಲಿ ನೆನೆಯಲು ಹಾಕುತ್ತಿದ್ದಳು; ಗಂಡನಿಗೆ ಒಣಗಿದ ಕಟಿರೊಟ್ಟಿ ಕಚ್ಚಲು ಬಾರದೆ ಬಹಳ ದಿನವಾಗಿತ್ತು.

"ಯಂತ್ರ ಬಂದ್ರ ಅಪ್ಪನ ಬೆಂಚು?" ಎಂದಳು.

"ಬೆಂಚು ಗೆದ್ರ ನಾ ಸಾಯೂತನಾ ಆ ತೊಟ್ಟಿ ಮುಂದಾ."

ಗಂಗೂಬಾಯಿ ರೊಟ್ಟಿಯ ತುಣುಕನ್ನು ಬೆರಳಿನಿಂದ ಒತ್ತಿ ಮೆತ್ತಗಾಗಿದೆಯೇ ನೋಡಿದಳು. "ನಾ ಯಾರ ಕಡಿ ಅನ್ಲಿ, ನೀವಾ ಹೇಳ್ರಿ" ಎಂದು ತಾಟು ಮುಂದೆ ಸರಿಸಿದಳು. ಅವಳದೂ ಇಕ್ಕಟ್ಟೇ. ಅಪ್ಪನ ಮನೆಯಲ್ಲೇ ಸಂಸಾರ ಮಾಡುವ ಮಗಳು ಎಂದೂ ಪೂರ್ತಿ ಹೆಂಡತಿಯಾಗುವುದಿಲ್ಲ.

ಪರೀಕ್ಷೆಯ ಪೈಪು ಮೊದಲು ಬಂದದ್ದು ದೇವಿಂದ್ರಪ್ಪನ ಕೈಗೇ. ಎಂಥ ಪೇಚು ನೋಡಿ. ತೊಳೆಯುವುದರಲ್ಲಿ ಒಂದಿಷ್ಟು ಕೈ ಬಿಟ್ಟರೆ ಸಾಕು, ಸಾಬೂನು ಸರಿಯಾಗಿ ಹತ್ತುವುದಿಲ್ಲ, ಡೈಯಲ್ಲಿ ಪೈಪು ಗೀರುತ್ತದೆ, ಮಾವ ಸೋಲುತ್ತಾನೆ, ಅಳಿಯ ಬಿಡುಗಡೆಯಾಗುತ್ತಾನೆ. ಅವನ ಮನಸ್ಸಿನಲ್ಲಿ ಈ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ತೊಟ್ಟಿಯ ಮುಂದೆ ನಿಂತಾಗಲೆಲ್ಲ ಬಂತು. ಶೆಡ್ಡಿನಲ್ಲಿ ಪೈಪು ಒರೆಸುವ ಜೈತುನಬಿ ಅವನ ಮುಖ ನೋಡಿ, "ಯಾಕೋ ದೇವಿಂದ್ರ, ತೇಜಾಬು ಕುಡ್ದವ್ರಂಗ ನಿಂತೀದಿ?" ಎಂದು ಚೇಷ್ಟೆ ಮಾಡಿದಳು. ಅವನು ಕೆಲಸಕ್ಕೆ ಇಳಿದ. ಕೆಟ್ಟದಾಗಿ ಮಾಡಬೇಕೆಂದರೂ ಕೈ ಕೇಳಲಿಲ್ಲ; ಅಷ್ಟು ವರ್ಷ ಮಾಡಿದ ಕೈ, ತನ್ನ ಪಾಡಿಗೆ ತಾನೇ ಚೊಕ್ಕಟವಾಗಿ ಮಾಡಿ ಮುಗಿಸಿತು. ಮೊದಲ ಎಳೆತಗಳು ಹೂವಿನಂತೆ ಬಂದವು. ಚಂದ್ರಾಮಪ್ಪನ ಮೀಸೆ ತಾನಾಗಿ ಮೇಲಕ್ಕೆ ಹೋಯಿತು.

ಕೊನೆಯ ಎಳೆತ ಉಳಿಯಿತು. ಅದನ್ನು ನೋಡಲು ಸಾಹುಕಾರರು ಬಂದರು, ಇಂಜಿನಿಯರು ಪಿಲ್ಗರಿನಲ್ಲಿ ಮಾಡಿಸಿದ ತನ್ನ ಪೈಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಭಟ್ಟಿಯವರು, ಜೈತುನಬಿ, ಎಲ್ಲರೂ ಬೆಂಚಿನ ಸುತ್ತ ನೆರೆದರು.

ಚಂದ್ರಾಮಪ್ಪನಿಗೆ ಒಂದು ಪದ್ಧತಿಯಿತ್ತು. ದಿನದ ಮೊದಲ ಪೈಪಿಗೆ, ಎಳೆಯುವ ಮುಂಚೆ, ಮೂತಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಕಣ್ಣುಮುಚ್ಚಿ, ಬಸವಣ್ಣನ ಹೆಸರು ಹೇಳಿ ಎಳೆಯುವುದು. ಮೂತಿ ಡೈಗೆ ತಾಗುವುದಿಲ್ಲ, ಕೊನೆಗೆ ಕತ್ತರಿಸಿ ಒಗೆಯುವ ಭಾಗ. ಹಾಗಾಗಿ ಆ ವಿಭೂತಿಯಿಂದ ಯಾವತ್ತೂ ಯಾರಿಗೂ ತೊಂದರೆಯಾಗಿರಲಿಲ್ಲ. ಆ ದಿನ ಮಾತ್ರ ಅವನು ಕೈಕಾಲು ತೊಳೆದು, ಮಡಿಯಾಗಿ, ವಿಭೂತಿ ತೇಯ್ದುಕೊಂಡು ಬರುವಷ್ಟರಲ್ಲಿ, ಸಾಹುಕಾರರ ಅವಸರಕ್ಕೆ ಭಟ್ಟಿಯವರು ಮೂತಿಯನ್ನು ಡೈಯೊಳಗೆ ತೂರಿಸಿ ಆಚೆಯಿಂದ ಸರಪಳಿಗೆ ಕಚ್ಚಿಸಿಬಿಟ್ಟಿದ್ದರು. ಹಚ್ಚಲು ಮೂತಿಯೇ ಇರಲಿಲ್ಲ.

ಚಂದ್ರಾಮಪ್ಪ ಬಗ್ಗಿ, ಡೈಯ ಈಚೆ ಇದ್ದ ಪೈಪಿನ ಮೈಗೇ ಮೂರು ಬೆರಳು ಎಳೆದ.

ದೇವಿಂದ್ರಪ್ಪ ಅದನ್ನು ನೋಡಿದ. ಒಣಗಿದ ಸಾಬೂನಿನ ಮೇಲೆ ಹಸಿ ಬೆರಳು. ಸಾಬೂನು ಅಲ್ಲಿ ಕರಗಿತು, ಮೇಲೆ ಬೂದಿಯ ಕಣ. ಆ ಜಾಗ ಡೈಗೆ ತಾಗಿದರೆ ಉಕ್ಕು ಉಕ್ಕನ್ನು ಕಚ್ಚುತ್ತದೆ; ಒಮ್ಮೆ ಕಚ್ಚಿದ ಚೂರು ಡೈಗೆ ಅಂಟಿ, ಉಳಿದ ಉದ್ದಕ್ಕೂ ಪೈಪನ್ನು ಗೀರುತ್ತಾ ಹೋಗುತ್ತದೆ. ಒಂದು ಬಟ್ಟೆ ತೆಗೆದುಕೊಂಡು ಒರೆಸಿ, ಒಂದಿಷ್ಟು ಒಣ ಸಾಬೂನಿನ ಪುಡಿ ತಿಕ್ಕಿದರೆ ಸಾಕಿತ್ತು. ಅವನ ಹೆಗಲ ಮೇಲೆಯೇ ಬಟ್ಟೆಯಿತ್ತು.

ಆದರೆ ಮಾವ ಹಚ್ಚಿದ ವಿಭೂತಿ. ಹಿರಿಯರು ಹಚ್ಚಿದ ಭಸ್ಮವನ್ನು ಒರೆಸುವುದೆಂದರೆ ಅಂಥಾ ಇಂಥಾ ಮಾತಲ್ಲ, ಅದೂ ನಾಲ್ಕು ಜನರ ಮುಂದೆ, ಅದೂ ಮನೆಯಳಿಯ. ಚಂದ್ರಾಮಪ್ಪ ತಲೆಯೆತ್ತಿ ನೇರ ಅಳಿಯನ ಕಡೆ ನೋಡಿದ. ದಿನಾ ನೋಡುವ ಗತ್ತಿನ ನೋಟವೇ ಎಂದುಕೊಂಡು ದೇವಿಂದ್ರಪ್ಪ ನೆಲ ನೋಡಿದ. ಭಯ ಎಷ್ಟಿತ್ತು, ಭಕ್ತಿ ಎಷ್ಟಿತ್ತು, ಆಸೆ ಎಷ್ಟಿತ್ತು, ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಸರಪಳಿ ಬಿಗಿಯಿತು.

ಬೆಂಚು ಹಿಂದೆಂದೂ ಮಾಡದ ಸದ್ದು ಮಾಡಿತು. ಪೈಪು ಹೊರಬಂದಾಗ ಈ ತುದಿಯಿಂದ ಆ ತುದಿಯವರೆಗೆ ಒಂದು ಗೀರು. ಸಾಹುಕಾರರು ಅದರ ಮೇಲೆ ಉಗುರು ಆಡಿಸಿದರು, ಉಗುರು ತಡೆಯಿತು. ಇಂಜಿನಿಯರು ಬಟ್ಟೆ ಬಿಚ್ಚಿ ತನ್ನ ಪೈಪು ಪಕ್ಕಕ್ಕಿಟ್ಟ. ಹೊಳಪು ಕಡಿಮೆಯೇ ಇತ್ತು, ಆದರೆ ಉಗುರು ಎಲ್ಲೂ ನಿಲ್ಲಲಿಲ್ಲ.

"ತೇಜಾಬು ಸರಿ ತೊಳ್ದಿಲ್ಲೇನು?" ಎಂದು ಸಾಹುಕಾರರು ದೇವಿಂದ್ರಪ್ಪನ ಕಡೆ ತಿರುಗಿದರು.

"ಇಲ್ಲರಿ. ಅವನದು ಬರೋಬ್ಬರಿ ಅದ. ನನ್ನ ಕೈ ತಪ್ಪು" ಎಂದ ಚಂದ್ರಾಮಪ್ಪ. ಎಲ್ಲವನ್ನೂ ಅಳಿಯನ ತಲೆಗೆ ಕಟ್ಟಿದ್ದರೆ ದೇವಿಂದ್ರಪ್ಪನಿಗೆ ಹಗುರಾಗುತ್ತಿತ್ತು. ಮಾವ ಆ ಉಪಕಾರವನ್ನೂ ಮಾಡಲಿಲ್ಲ.

ಪಿಲ್ಗರ್ ಯಂತ್ರ ಬಂತು. ಅದರ ಜೊತೆಗೆ ಪುಣೆಯಿಂದ ಅದನ್ನು ನಡೆಸುವವನೂ ಬಂದ, ಯಂತ್ರ ಮಾರಿದವರೇ ಕಳಿಸಿದ್ದರು. ಇಂಜಿನಿಯರು ಬೇರೆ ಕಡೆ ಹೊರಟುಹೋಗಿದ್ದ. ಅವನ ಮಾತು ಅವನ ಜೊತೆಗೇ ಹೋಯಿತು. ತೇಜಾಬಾದರೂ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. ಒಂದೊಂದು ಪೈಪಿಗೆ ಸುತ್ತು ಕಡಿಮೆಯಾದದ್ದು ನಿಜ. ಆದರೆ ಉರುಳೆಗೆ ಕೊಡುವ ಮುಂಚೆ ಪೈಪು ಇನ್ನೂ ಚೊಕ್ಕಟವಾಗಿರಬೇಕಿತ್ತು, ಕೆಲಸವೂ ಹೆಚ್ಚಿತು, ಪೈಪಿನ ರಾಶಿಗಳು ಬಂದು ಬಿದ್ದವು. ಸಾಹುಕಾರರು ಇನ್ನೂ ದೊಡ್ಡ ತೊಟ್ಟಿ ಕಟ್ಟಿಸಿದರು. ಬೆಲ್ಲದ ಉಂಡೆಯನ್ನೂ ದೊಡ್ಡದು ಮಾಡಿದರು.

ಬೆಂಚನ್ನು ಅವರು ತೆಗೆಯಲಿಲ್ಲ. ಕೊನೆಯ ಅಳತೆಗೆ, ಹೊಳಪಿಗೆ ಒಂದು ಎಳೆತ ಬೇಕೇ ಬೇಕಿತ್ತು. ಎರಡು ಯಂತ್ರಗಳು ಹೊಂದಿಕೊಂಡು ನಡೆದವು; ಹೊಂದಿಕೊಳ್ಳಲಾರದವನು ಚಂದ್ರಾಮಪ್ಪ ಒಬ್ಬನೇ. "ನಾ ಆ ಬೆಂಚಿಗಿ ಕೈ ಹಚ್ಚಲ್ಲರಿ" ಎಂದುಬಿಟ್ಟ. ಸಾಹುಕಾರರು ರಮಿಸಿದರು, ಬೈದರು. ಅವನು ಜಗ್ಗಲಿಲ್ಲ. ಗೀರು ಬಿದ್ದ ಪೈಪನ್ನು ಕೇಳಿಕೊಂಡು ಮನೆಗೆ ತಂದು, ಬಟ್ಟೆ ಒಣಗಿಸಲು ಅಂಗಳದಲ್ಲಿ ಅಡ್ಡ ಕಟ್ಟಿದ. ಮರುದಿನ ಮುಂಜಾನೆ ತೇಜಾಬಿನ ಶೆಡ್ಡಿಗೆ ನಡೆದು, ತೊಟ್ಟಿಯ ಆಚೆ ದಂಡೆಗೆ ಹೋಗಿ ನಿಂತ.

ಪೈಪಿನ ಕಟ್ಟನ್ನು ತೊಟ್ಟಿಗೆ ಇಳಿಸಲು, ಎತ್ತಲು ಎರಡು ಕಡೆ ಇಬ್ಬರು ಬೇಕು. ಹೀಗೆ ಮಾವ ಆ ಕಡೆ, ಅಳಿಯ ಈ ಕಡೆ, ನಡುವೆ ಹೊಗೆ. ಬೆಂಚು ಖಾಲಿಯಿತ್ತು. ದೇವಿಂದ್ರಪ್ಪ ಹೋಗಿ ಕೇಳಿದ್ದರೆ ಸಾಹುಕಾರರು ಕೊಡುತ್ತಿದ್ದರೋ ಏನೋ. ಮಾವ ಬಿಟ್ಟ ಬೆಂಚಿನ ಮೇಲೆ ಕೈಯಿಡಲು ಅವನಿಗೆ ಧೈರ್ಯ ಸಾಲಲಿಲ್ಲ. ಭಟ್ಟಿಯವರಲ್ಲೊಬ್ಬ ಮಿಸ್ತ್ರಿಯಾದ.

ಇದು ತನಗೆ ಹಾಕಿದ ಶಿಕ್ಷೆ ಎಂದೇ ದೇವಿಂದ್ರಪ್ಪ ತಿಳಿದ. ಮಾವನಿಗೆ ಎಲ್ಲ ಗೊತ್ತಿದೆ, ಬಾಯಿ ಬಿಡುವುದಿಲ್ಲ, ಎದುರಿಗೆ ನಿಂತು ನೋಡಿಯೇ ಸಾಯಿಸುತ್ತಾನೆ. ಮನೆಯಲ್ಲೂ ಅದೇ ಮುಖ, ತೊಟ್ಟಿಯಲ್ಲೂ ಅದೇ ಮುಖ. ಅಂಗಳಕ್ಕೆ ಬಂದರೆ ಗೀರಿನ ಪೈಪಿನ ಮೇಲೆ ಅವನದೇ ತೂತು ಅಂಗಿ. ಗೊಬ್ಬೂರಿಗೆ ಓಡಿಹೋಗಿಬಿಡೋಣ ಎಂದು ಎಷ್ಟೋ ಸಲ ಬಸ್ ಸ್ಟ್ಯಾಂಡಿನವರೆಗೆ ಹೋದ, ಊರ ಕಡೆ ಹೋಗುವ ಅಫಜಲಪುರದ ಬಸ್ಸು ಹೊರಡುವುದನ್ನು ನೋಡಿಕೊಂಡು ತಿರುಗಿ ಬಂದ. ಹೀಗೆಯೇ ವರ್ಷಗಳು ಕಳೆದವು. ಮಾವನ ಹಲ್ಲುಗಳೂ ಸವೆದವು. ಒಂದು ಕಣ್ಣಿಗೆ ಪೊರೆ ಬಂತು. ಗಂಗೂಬಾಯಿ ಈಗ ಎರಡು ತಾಟುಗಳಲ್ಲಿ ರೊಟ್ಟಿ ನೆನೆಯಲು ಹಾಕುತ್ತಿದ್ದಳು.

ತೊಂಬತ್ತೆರಡರಲ್ಲಿ ಯಂತ್ರ ನಡೆಸುತ್ತಿದ್ದ ಪುಣೆಯವನು ಊರಿಗೆ ಹೊರಟುಹೋದ. ಪಿಲ್ಗರಿಗೆ ಆಳು ಬೇಕಾಯಿತು. ಸಾಹುಕಾರರು ತಾವೇ ಶೆಡ್ಡಿಗೆ ಬಂದು, "ದೇವಿಂದ್ರಪ್ಪ, ನಾಳಿಂದ ಆ ಕಡಿ ಬಾ. ಸಾಕು ಈ ಹೊಗಿ" ಎಂದರು.

ಗಂಗೂಬಾಯಿ ಆ ದಿನ ಹೋಳಿಗೆ ಮಾಡಿದಳು. ಹಲ್ಲಿಲ್ಲದವರಿಬ್ಬರೂ ತಿನ್ನಬಹುದಾದ ಹಬ್ಬದಡಿಗೆ ಅದೊಂದೇ. "ಅಪ್ಪ, ಇನ್ನ ನೀನೂ ಮನ್ಯಾಗ ಕೂಡು" ಎಂದಳು.

"ನಾ ಕೂಡಾವ ಅಲ್ಲವ್ವ" ಎಂದ ಚಂದ್ರಾಮಪ್ಪ. ಹೋಳಿಗೆ ಮಾತ್ರ ಮರೆಯದೆ ಇನ್ನೊಂದು ಹಾಕಿಸಿಕೊಂಡ.

ಮರುದಿನ ದೇವಿಂದ್ರಪ್ಪ ತೂತಿಲ್ಲದ ಅಂಗಿ ಹಾಕಿಕೊಂಡು ಹೊರಟ. ತನ್ನ ಬಟ್ಟೆ, ಚೀಲ ತರಲೆಂದು ಶೆಡ್ಡಿಗೆ ಹೋದ. ಚಂದ್ರಾಮಪ್ಪ ಆಗಲೇ ಆಚೆ ದಂಡೆಯಲ್ಲಿ ನಿಂತು ಪೈಪಿನ ಕಟ್ಟಿನ ಕೊಂಡಿಗೆ ಕೈ ಹಾಕಿದ್ದ. ಹೊಸದಾಗಿ ಬರುವ ಆಳು ಇನ್ನೂ ಬಂದಿರಲಿಲ್ಲ.

"ದೇವಿಂದ್ರ" ಎಂದು ಕರೆದ. "ಒಂದು ಮಾತು. ಅವತ್ತಿನ ಪೈಪಿಂದು."

ದೇವಿಂದ್ರಪ್ಪ ನಿಂತ. ಇಷ್ಟು ವರ್ಷ ಕಾದ ಮಾತು ಹೊರಡುವ ಹೊತ್ತಿಗೇ ಬಂತಲ್ಲ ಎಂದುಕೊಂಡ. "ನಾ ನೋಡಿದ್ದೆರಿ ಮಾಮಾ. ನೀವು ಹಚ್ಚಿದ ಭಸ್ಮ, ನಾ ಹ್ಯಾಂಗ ಒರಸ್ಲಿ?" ಎಂದ.

"ನೀ ನೋಡಿದ್ದು ನನಗ ಗೊತ್ತದ. ಹಚ್ಚಿದ ಕೂಡ್ಲೆ ನನಗೂ ತಿಳೀತು, ಹಸಿ ಬೆಳ್ಳು ಅಂತ. ಹಚ್ಚಿದ ಕೈಲೆ ನಾನಾ ಹ್ಯಾಂಗ ಒರಸ್ಲಿ? ಅದಕ್ಕಾ ನಿನ್ನ ಮಾರಿ ನೋಡ್ದೆ. ಒರಸು ಅಂತ ಕೇಳ್ಕೊಂಡು ನೋಡ್ದೆ. ನೀ ತೆಳಗ ನೋಡ್ದಿ." ಚಂದ್ರಾಮಪ್ಪ ಪೊರೆ ಬಂದ ಕಣ್ಣನ್ನು ಮುಂಗೈಯಿಂದ ಒರೆಸಿಕೊಂಡ. "ನಿಂದೇನು ತಪ್ಪಿಲ್ಲ. ನಿನ್ನ ಬೆಂಚಿಗಿ ಕರ್ಕೋತೇನಿ ಅಂದಾವ ನಾನು, ಕರ್ಕೊಂಡಿದ್ರ ಅವತ್ತು ನಿನಗ ಧೈರ್ಯ ಇರ್ತಿತ್ತು. ಆ ಹೊಗಿ ನಾನೂ ಕುಡೀಬೇಕಂತ ಇಲ್ಲಿ ಬಂದು ನಿಂತೇನಿ. ನೀ ಹೋಗು. ಮನಸಿನಾಗ ಏನೂ ಇಟ್ಕೋಬ್ಯಾಡ."

ಆರು ವರ್ಷ ದೇವಿಂದ್ರಪ್ಪನನ್ನು ಕುಕ್ಕಿದ್ದ ಆ ನೋಟ, ಗತ್ತಿನದಲ್ಲ, ಬೇಡುವ ನೋಟವಾಗಿತ್ತು. ಆ ಮನುಷ್ಯ ಹುಟ್ಟಿದಾಗಿನಿಂದ ಒಂದೇ ಸಲ ಅಳಿಯನ ಮುಂದೆ ಕೈ ಚಾಚಿದ್ದ, ಅಳಿಯ ನೆಲ ನೋಡಿದ್ದ. ಮಾವ ಶಪಿಸಿದ್ದರೆ ಅವನು ಆ ಬಾಗಿಲು ದಾಟಿ ಪಿಲ್ಗರಿನ ಕಡೆ ನಡೆದುಬಿಡುತ್ತಿದ್ದ. ಹೋಗು ಎಂದು ಬಿಟ್ಟುಕೊಟ್ಟೇ ಕಟ್ಟಿಹಾಕಿದ ಮುದುಕ.

ಆಚೆ ದಂಡೆಯಲ್ಲಿ ಚಂದ್ರಾಮಪ್ಪ ಕೊಂಡಿಯನ್ನು ಹುಡುಕುತ್ತಾ ಒಂದು ಹೆಜ್ಜೆ ತಪ್ಪಿಟ್ಟ. ಕಾಣದ ಕಣ್ಣಿನ ಕಡೆಗೇ ತೊಟ್ಟಿಯಿತ್ತು. ಹೊಸ ಆಳಿಗೆ ಮಾವನ ಯಾವ ಕಣ್ಣು ಕಾಣುವುದಿಲ್ಲವೆಂದು ಯಾರು ಹೇಳುತ್ತಾರೆ?

ದೇವಿಂದ್ರಪ್ಪ ಹೊಸ ಅಂಗಿಯನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಚೀಲದಿಂದ ಹಳೆಯದನ್ನು ತೆಗೆದು ತೊಟ್ಟುಕೊಂಡು ಈಚೆ ದಂಡೆಗೆ ಬಂದ.

"ಮಾಮಾ, ಒಂದು ಹೆಜ್ಜಿ ಹಿಂದ ಸರೀರಿ. ಹಾಂ, ಅಲ್ಲಿ. ಈಗ ಎತ್ತರಿ" ಎಂದ.

ಇಬ್ಬರೂ ಎತ್ತಿದರು.